ಹಬ್ಬ ಮುಗಿದ ಮೇಲೂ ಸೊಂಟ ನೆಟ್ಟಗಿರಬೇಕಾದರೆ

ಹಬ್ಬದ ಮರುದಿನ ಮನೆಯ ಕಿರಿಯರು ಒಬ್ಬೊಬ್ಬರಾಗಿ ಸೊಂಟ ಹಿಡಿದುಕೊಂಡು ಬಂದು ನನ್ನ ಬಳಿ ಮುಲಾಮು ಕೇಳುವುದನ್ನು ಎಷ್ಟೋ ವರ್ಷಗಳಿಂದ ನೋಡುತ್ತಿದ್ದೇನೆ. ಮುಲಾಮಿನ ಜೊತೆಗೆ ನಾಲ್ಕು ಬೈಗುಳವನ್ನೂ ಕೊಟ್ಟು ಕಳುಹಿಸುತ್ತೇನೆ. ವರ್ಷವಿಡೀ ಕುರ್ಚಿ ಬಿಟ್ಟು ಏಳದವರು ಎರಡೇ ದಿನಗಳಲ್ಲಿ ಅಟ್ಟದ ಸಾಮಾನು ಇಳಿಸಿ, ಮಂಚ ಸರಿಸಿ, ಮನೆಯೆಲ್ಲ ಒರೆಸಿ, ನಡುರಾತ್ರಿಯವರೆಗೆ ಒಲೆಯ ಮುಂದೆ ನಿಂತರೆ ಪಾಪ, ಆ ಸೊಂಟ ತಾನೆ ಏನು ಮಾಡೀತು? ಭಾರದ ಕೆಲಸವನ್ನು ವಾರದ ಮೊದಲೇ ಶುರು ಮಾಡಿ, ದಿನಕ್ಕೊಂದರಂತೆ ಮುಗಿಸಬೇಕು.

ಬೆಳಿಗ್ಗೆ ಹಾಸಿಗೆಯಿಂದ ಎದ್ದವರು ನೇರವಾಗಿ ಬಗ್ಗಿ ಗುಡಿಸಲು ಹೋಗಬಾರದು. ರಾತ್ರಿ ಮಲಗಿದಾಗ ಬೆನ್ನುಮೂಳೆಗಳ ನಡುವಿನ ಮೆತ್ತೆಗಳು ನೀರು ಹೀರಿ ಉಬ್ಬಿಕೊಂಡಿರುತ್ತವೆ. ಆದ್ದರಿಂದಲೇ ಬೆಳಗಿನ ಹೊತ್ತು ನಾವು ಸಂಜೆಗಿಂತ ಸುಮಾರು 1 ಸೆಂಟಿಮೀಟರ್‌ ಎತ್ತರವಾಗಿರುತ್ತೇವೆ. ಉಬ್ಬಿದ ಮೆತ್ತೆಯ ಮೇಲೆ ಬಗ್ಗುವಾಗ ಬೀಳುವ ಒತ್ತಡ ಹೆಚ್ಚು. ಒಂದು ಗಂಟೆ ಓಡಾಡಿಕೊಂಡು ನಿಂತು ಮಾಡುವ ಕೆಲಸಗಳನ್ನು ಮುಗಿಸಿ, ಆಮೇಲೆ ಬಗ್ಗಿದರಾಯಿತು.

ಭಾರ ಎತ್ತುವಾಗ ಮಂಡಿ ಮಡಚಬೇಕೆಂಬುದು ಎಲ್ಲರಿಗೂ ಬಾಯಿಪಾಠವಾಗಿದೆ, ಆದರೆ ವಸ್ತುವನ್ನು ಹೊಟ್ಟೆಗೆ ಅವಚಿಕೊಳ್ಳಬೇಕೆಂಬುದು ಯಾರಿಗೂ ನೆನಪಿರುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಎತ್ತಿದ ಭಾರದೊಂದಿಗೆ ಸೊಂಟ ತಿರುಚುವುದು. ನಾನೂ ಒಮ್ಮೆ ಮಂಚದ ಕೆಳಗಿನ ಟ್ರಂಕನ್ನು ಎಳೆದೆತ್ತಿ, ಪಾದ ಊರಿದ್ದಲ್ಲೇ ಊರಿ, ಮೈ ಮಾತ್ರ ತಿರುಗಿಸಿ ಪಕ್ಕಕ್ಕಿಡಲು ಹೋದೆ. ಸೊಂಟ ಉಳುಕಿ, ಟ್ರಂಕು ಕೈಯಲ್ಲಿದ್ದ ಹಾಗೆಯೇ ಉಸಿರು ಕಟ್ಟಿತು. ವಾರವಿಡೀ ಮಲಗಿದ್ದಕ್ಕೆ ವೈದ್ಯರು ಬೈದರು. ಮಲಗಿದಷ್ಟೂ ಸೊಂಟ ಬಿಗಿಯುತ್ತದೆ, ಆದಷ್ಟು ನಡೆದಾಡಿ ಎಂದರು. ಪಾದವನ್ನೇ ತಿರುಗಿಸಿದ್ದರೆ ಆ ವಾರ ಉಳಿಯುತ್ತಿತ್ತು.

ಇನ್ನು ನಾನು ಯಾರೊಂದಿಗೂ ರಾಜಿ ಮಾಡಿಕೊಳ್ಳದ ಸಂಗತಿಯೆಂದರೆ ಕಾಲಡಿಯ ಮಣೆ. ಅಡುಗೆಕಟ್ಟೆಯ ಮುಂದೆ ಗಂಟೆಗಟ್ಟಲೆ ನಿಲ್ಲುವವರು ಒಂದು ಪಾದವನ್ನು ನೆಲದಲ್ಲಿ, ಇನ್ನೊಂದನ್ನು ಮಣೆಯ ಮೇಲೆ ಇಡಬೇಕು. ಮಣೆ ಗೇಣಿಗಿಂತ ತುಸು ಕಡಿಮೆ ಎತ್ತರವಿರಲಿ. ಹೆಚ್ಚಾದರೆ ಮೈ ಒಂದು ಕಡೆಗೆ ವಾಲುತ್ತದೆ, ಹಲಗೆಯಷ್ಟೇ ತೆಳುವಾದರೆ ಇಟ್ಟೂ ಪ್ರಯೋಜನವಿಲ್ಲ. ಬರೀ ಬೆರಳು ತಾಗಿಸುವುದಲ್ಲ, ಹಿಮ್ಮಡಿ ಸಮೇತ ಇಡೀ ಪಾದ ಊರಬೇಕು. ಜಾರದಂತೆ ಅಡಿಯಲ್ಲಿ ಒದ್ದೆ ಬಟ್ಟೆಯೊಂದನ್ನು ಹಾಸಿ. ಕಾಲು ಮೇಲಿದ್ದಾಗ ಒಳಕ್ಕೆ ಬಾಗಿದ ಕೆಳಬೆನ್ನು ಸಡಿಲಗೊಳ್ಳುತ್ತದೆ. ಅದನ್ನು ನಿಂತವರೇ ಬಲ್ಲರು. ಹೆಚ್ಚಿ ಮುಗಿದಾಗ ಒಮ್ಮೆ, ಒಲೆಯಿಂದ ಪಾತ್ರೆ ಇಳಿಸಿದಾಗ ಇನ್ನೊಮ್ಮೆ, ಹೀಗೆ ಕಾಲು ಬದಲಿಸುತ್ತಿರಬೇಕು. ನನ್ನ ಅತ್ತೆಯವರ ಮಣೆಯಲ್ಲಿ ಹಿಮ್ಮಡಿ ಊರುತ್ತಿದ್ದ ಜಾಗ ಸವೆದು ಬಟ್ಟಲಿನಂತೆ ತಗ್ಗಾಗಿತ್ತು. ಅವರು ಎಂಬತ್ತು ದಾಟಿದರೂ ನೆಟ್ಟಗೆ ನಡೆಯುತ್ತಿದ್ದರು. ಅದನ್ನು ಗುಜರಿಗೆ ಹಾಕೋಣವೆಂದ ಮೊಮ್ಮಗಳಿಗೆ ಈಗ ಮೂವತ್ತಕ್ಕೇ ಸೊಂಟಪಟ್ಟಿ ಬೇಕಾಗಿದೆ.

ಪಾತ್ರೆ ತೊಳೆಯುವ ತೊಟ್ಟಿ ಆಳವಾಗಿದ್ದರೆ ಒಳಗೆ ಒಂದು ಬೋಗುಣಿ ಬೋರಲು ಹಾಕಿ, ಅದರ ಮೇಲಿಟ್ಟು ಉಜ್ಜಿ. ಬಗ್ಗುವುದು ಅಷ್ಟು ಕಡಿಮೆಯಾಗುತ್ತದೆ. ತಳ ಹಿಡಿದ ಪಾತ್ರೆಯನ್ನು ಆಗಲೇ ತಿಕ್ಕಲು ನಿಲ್ಲುವವರನ್ನು ಕಂಡರಂತೂ ನನಗೆ ಮೈ ಉರಿಯುತ್ತದೆ. ಬಿಸಿನೀರು, ಒಂದು ಚಿಟಿಕೆ ಸೋಡಾ ಹಾಕಿ ರಾತ್ರಿಯಿಡೀ ನೆನೆಯಲು ಬಿಟ್ಟರೆ ಬೆಳಿಗ್ಗೆ ತಾನಾಗಿ ಬಿಡುತ್ತದೆಯಲ್ಲ!

ಊರಿಗೆ ಹೊರಡುವವರು ಒಂದೇ ಚೀಲವನ್ನು ಒಂದೇ ಹೆಗಲಿಗೆ ನೇತುಹಾಕದೆ, ಎರಡಾಗಿ ಮಾಡಿ ಎರಡು ಕೈಗಳಿಗೂ ಹಂಚಿ. ಟವೆಲ್ ಸುತ್ತಿ ಸೊಂಟದ ಹಿಂದಿಟ್ಟುಕೊಳ್ಳಿ, ಗಂಟೆಗೊಮ್ಮೆ ಎದ್ದು ನಡೆಯಿರಿ. ಗಂಡಸರು ಹಿಂದಿನ ಜೇಬಿನ ದಪ್ಪ ಪರ್ಸನ್ನು ತೆಗೆದಿಟ್ಟು ಕುಳಿತುಕೊಳ್ಳಲಿ. ಒಂದು ಕಡೆ ಎತ್ತರವಾದ ಪೀಠದ ಮೇಲೆ ಬೆನ್ನು ಸೊಟ್ಟಗೇ ಕೂರುತ್ತದೆ.

ಇಷ್ಟರ ಮೇಲೂ ನೋವು ಬಂದು, ಅದು ಮಂಡಿಯ ಕೆಳಗಿಳಿದರೆ, ಕಾಲು ಜೋಮು ಹಿಡಿದರೆ ಅಥವಾ ಸೋತಂತಾದರೆ ಮುಲಾಮು ಕೇಳಿಕೊಂಡು ನನ್ನ ಹತ್ತಿರ ಬರಬೇಡಿ, ವೈದ್ಯರಿಗೆ ತೋರಿಸಿ. ಮೂತ್ರದ ಮೇಲೆ ಹಿಡಿತ ತಪ್ಪಿದರೆ, ಹಬ್ಬವಿರಲಿ ಇಲ್ಲದಿರಲಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.