ಒಂದು ಕೈಲಿ ಬ್ಯಾಟರಿ, ಇನ್ನೊಂದರಲ್ಲಿ ರಿವಾಲ್ವರ್: ಕತ್ತಲಲ್ಲಿ ನಾನು ಕಲಿತದ್ದು

ಎಂಟು ವರ್ಷದ ಹಿಂದಿನ ಮಾತು. ಫೆಬ್ರವರಿ ತಿಂಗಳು, ಅಂಗಳದ ತುಂಬ ಚಾಲಿ ಅಡಿಕೆ ಬಿಸಿಲಿಗೆ ಒಣಗಲು ಹರವಿದ್ದೆವು. ಶಿರಸಿಯಿಂದ ಹದಿನೈದು ಕಿಲೋಮೀಟರ್ ಒಳಗೆ ನಮ್ಮ ಮನೆ. ಆ ವರ್ಷ ನಮ್ಮ ಕಡೆ ಎರಡು ಮನೆಯಲ್ಲಿ ಅಡಿಕೆ ಕಳವಾಗಿತ್ತು, ಹಾಗಾಗಿ ನಿದ್ದೆಯೂ ಅಷ್ಟಕ್ಕಷ್ಟೇ. ರಾತ್ರಿ ಎರಡು ಗಂಟೆ ಹೊತ್ತಿಗೆ ಅಂಗಳದಲ್ಲಿ ಏನನ್ನೋ ಎಳೆದ ಹಾಗೆ ಸರಸರ ಸದ್ದು. ಕರೆಂಟು ಇರಲಿಲ್ಲ. ರಿವಾಲ್ವರ್ ತಗೊಂಡೆ, ಬ್ಯಾಟರಿ ತಗೊಂಡೆ, ಎರಡನ್ನೂ ಒಟ್ಟಿಗೆ ಮುಂದೆ ಚಾಚಿ ಜಗುಲಿಯಿಂದಲೇ ಬೆಳಕು ಬಿಟ್ಟೆ. ಬೆಳಕಿನ ನಡುವೆ ಪಕ್ಕದ ಮನೆಯ ಹುಡುಗ ನಿಂತಿದ್ದ. ಮಳೆ ಹನಿ ಬೀಳತೊಡಗಿತು ಅಂತ ಎದ್ದು ಬಂದು ನಮ್ಮ ಅಡಿಕೆಗೆ ಟಾರ್ಪಾಲು ಹೊದೆಸುತ್ತಿದ್ದ. "ಮಾವಾ, ನಾನು ಮಾವಾ" ಅಂದ.

ನನ್ನ ಬೆರಳು ಟ್ರಿಗರ್ ಮೇಲೆ ಇರಲಿಲ್ಲ. ಆದರೆ ನಳಿಗೆ ನೇರ ಅವನ ಎದೆಗಿತ್ತು. ಹದಿನೇಳು ವರ್ಷ ಸೈನ್ಯದಲ್ಲಿದ್ದು ಬಂದವನು ನಾನು. ಯಾರು ಅಂತ ಗೊತ್ತಾಗುವ ಮೊದಲೇ ಒಬ್ಬ ಮನುಷ್ಯನ ಕಡೆ ಬಂದೂಕು ತಿರುಗಿಸಿದ್ದೆ. ಬೆಳಗಿನವರೆಗೆ ಕಣ್ಣು ಮುಚ್ಚಲಿಲ್ಲ. ಸೈನ್ಯದಲ್ಲಿ ನನ್ನ ಕೈಯಲ್ಲಿದ್ದದ್ದು ರೈಫಲ್, ಸುತ್ತ ನಾಲ್ಕು ಜನ ಜೊತೆಗಾರರು. ಒಬ್ಬನೇ, ಕತ್ತಲಲ್ಲಿ, ಸ್ವಂತ ಮನೆಯ ಅಂಗಳದಲ್ಲಿ ನಿಲ್ಲುವುದು ಬೇರೆಯೇ ಕೆಲಸ ಅಂತ ಆ ರಾತ್ರಿ ಅರ್ಥವಾಯಿತು. ಮಾರನೇ ದಿನದಿಂದಲೇ ಇದನ್ನು ಸರಿಯಾಗಿ ಕಲಿಯಲು ಕೂತೆ.

ಮೊದಲು ಬದಲಿಸಿದ್ದು ಒಂದೇ ವಿಷಯ. ಹುಡುಕುವುದು ಬ್ಯಾಟರಿ ಕೆಲಸ, ರಿವಾಲ್ವರ್ ಕೆಲಸ ಅಲ್ಲ. ಎರಡನ್ನೂ ಜೋಡಿಸಿ ಹಿಡಿದರೆ ಬೆಳಕು ಹೋದಲ್ಲೆಲ್ಲ ನಳಿಗೆಯೂ ಹೋಗುತ್ತದೆ. ಬಂದೂಕಿಗೇ ದೀಪ ಸಿಕ್ಕಿಸುವವರಿಗೂ ಇದೇ ತೊಂದರೆ, ಅದಕ್ಕೇ ನಾನು ಕೈಯಲ್ಲಿ ಹಿಡಿಯುವ ಬ್ಯಾಟರಿಯನ್ನೇ ಇಟ್ಟುಕೊಂಡೆ. ಈಗ ಎಡಗೈ ಪಕ್ಕಕ್ಕೆ ಚಾಚಿ ಬೆಳಕು ಬಿಡುತ್ತೇನೆ, ರಿವಾಲ್ವರ್ ಸೊಂಟದ ಚೀಲದಲ್ಲೇ ಇರುತ್ತದೆ, ಹೊರಗೆ ತೆಗೆದರೂ ಬಾಯಿ ನೆಲದ ಕಡೆ. ಬೆಳಕನ್ನು ಮುಖಕ್ಕೆ ನೇರ ಬಿಡಬೇಕು ಅಂತಿಲ್ಲ. ಕಾಲ ಹತ್ತಿರ ನೆಲಕ್ಕೆ ಬಿಟ್ಟರೂ ಸಾಕು, ಚದುರಿದ ಬೆಳಕಲ್ಲೇ ಆಳು ಯಾರು, ಕೈಯಲ್ಲಿ ಏನಿದೆ ಅಂತ ಕಾಣುತ್ತದೆ. ಜೊತೆಗೆ "ಯಾರದು?" ಅಂತ ಜೋರಾಗಿ ಕೇಳುತ್ತೇನೆ. ಆ ರಾತ್ರಿ ಅದನ್ನೂ ಕೇಳಿರಲಿಲ್ಲ.

ಬ್ಯಾಟರಿ ಕೊಳ್ಳುವುದರಲ್ಲಿ ಎರಡು ಸಲ ದುಡ್ಡು ಕಳೆದೆ. ಮೊದಲನೆಯದಕ್ಕೆ ಒಂದು ಸಲ ಒತ್ತಿದರೆ ಪೂರ್ತಿ ಬೆಳಕು, ಎರಡನೇ ಸಲಕ್ಕೆ ಅರ್ಧ, ಮೂರನೇ ಸಲಕ್ಕೆ ಮಿಣಮಿಣ. ಗಾಬರಿಯಲ್ಲಿ ಎಷ್ಟನೇ ಸಲ ಒತ್ತಿದೆ ಅಂತ ಯಾರಿಗೆ ನೆನಪಿರುತ್ತದೆ? ಎರಡನೆಯದು ವಿಪರೀತ ಬೆಳಕಿನದು. ಸುಣ್ಣ ಬಳಿದ ಗೋಡೆಗೆ ಬಿದ್ದು ನನ್ನ ಕಣ್ಣಿಗೇ ವಾಪಸ್ ಹೊಡೆಯಿತು. ಜುಲೈ ಮಳೆಯಲ್ಲಿ, ಮಂಜಿನಲ್ಲಂತೂ ಮುಂದೆ ಬಿಳಿ ಪರದೆ ಕಟ್ಟಿದ ಹಾಗೆ ಕಾಣುತ್ತಿತ್ತು. ಈಗಿರುವುದು ಹಿಂಬದಿಯಲ್ಲಿ ಒಂದೇ ಗುಂಡಿಯದು. ಒತ್ತಿದಷ್ಟು ಹೊತ್ತು ಬೆಳಕು, ಬಿಟ್ಟರೆ ಕತ್ತಲು. ಸುಮಾರು 300 ಲ್ಯೂಮೆನ್, ನಮ್ಮ ಮನೆ ಅಂಗಳಕ್ಕೆ ಧಾರಾಳ. ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟು ಬರದೇ ಇರುವುದು ನಮ್ಮಲ್ಲಿ ಮಾಮೂಲು, ಹಾಗಾಗಿ ಚಾರ್ಜ್ ಮಾಡುವ ಸೆಲ್ ಜೊತೆಗೆ ಚಾರ್ಜ್ ಬೇಡದ ಲಿಥಿಯಂ ಸೆಲ್ಲೂ ಒಂದು ಜೊತೆ ಇಟ್ಟಿದ್ದೇನೆ, ಅವು ವರ್ಷಗಟ್ಟಲೆ ಹಾಗೇ ಇರುತ್ತವೆ.

ಬೆಳಕು ಬಿಟ್ಟು ಹಿಡಿದೇ ಇರಬಾರದು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಲು 20ರಿಂದ 30 ನಿಮಿಷ ಬೇಕು, ಬೆಳಕು ನೋಡಿದಷ್ಟೂ ಅದು ಹೋಗುತ್ತದೆ. ಅದಕ್ಕೇ ನಾನು ಒಂದು ಕ್ಷಣ ಬಿಟ್ಟು, ನೋಡಿ, ಆರಿಸಿ, ಎರಡು ಹೆಜ್ಜೆ ಪಕ್ಕಕ್ಕೆ ಸರಿಯುತ್ತೇನೆ. ಬೆಳಕು ಕಂಡ ಜಾಗದಲ್ಲೇ ನಾನಿದ್ದೇನೆ ಅಂತ ಎದುರಿನವನು ಅಂದುಕೊಂಡಿರುತ್ತಾನೆ, ಅಲ್ವಾ?

ಇನ್ನು ಎರಡನ್ನೂ ಒಟ್ಟಿಗೆ ಹಿಡಿಯಲೇಬೇಕಾದಾಗ. ಅಮೆರಿಕದ ಮೈಕೆಲ್ ಹ್ಯಾರೀಸ್ ಎಂಬವರು 1970ರ ದಶಕದಲ್ಲಿ ರೂಢಿಗೆ ತಂದ ಹಿಡಿತ ಒಂದಿದೆ, ಅವರ ಹೆಸರಿನಿಂದಲೇ ಕರೆಯುತ್ತಾರೆ. ಬ್ಯಾಟರಿಯನ್ನು ಒನಕೆ ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿದು, ಹಿಂಬದಿ ಗುಂಡಿ ಮೇಲೆ ಹೆಬ್ಬೆರಳು ಇಟ್ಟು, ಎಡಗೈಯನ್ನು ಬಲಗೈ ಕೆಳಗಿಂದ ತೂರಿಸಿ, ಎರಡೂ ಹಸ್ತದ ಬೆನ್ನು ಒಂದಕ್ಕೊಂದು ಒತ್ತುವುದು. ಒತ್ತಡ ಇದ್ದರೆ ಮಾತ್ರ ಗಟ್ಟಿ. ಸ್ವಲ್ಪ ಹೊತ್ತಿಗೇ ತೋಳು ಸೋಲುತ್ತದೆ. ಇದರಲ್ಲಿ ಒಂದು ಅಪಾಯ ಇದೆ. ಮೊದಲು ರಿವಾಲ್ವರ್ ಮುಂದೆ ಹೋಗಬೇಕು, ಆಮೇಲೆ ಎಡಗೈ ಕೆಳಗೆ ಬರಬೇಕು. ಉಲ್ಟಾ ಆದರೆ ನಿಮ್ಮದೇ ಮಣಿಕಟ್ಟು ನಳಿಗೆ ಮುಂದೆ ದಾಟುತ್ತದೆ. ನಾನು ಮರದ ತುಂಡಿನಲ್ಲಿ ರಿವಾಲ್ವರ್ ಆಕಾರ ಮಾಡಿಸಿಕೊಂಡು ಮೊದಲ ತಿಂಗಳು ಅದರಲ್ಲೇ ಕಲಿತೆ. ಎಷ್ಟು ಸಲ ಕೈ ತಪ್ಪು ದಾರಿಯಲ್ಲಿ ಹೋಯಿತು ಅಂದರೆ, ಅದು ಮರವಾಗಿದ್ದದ್ದೇ ಒಳ್ಳೆಯದಾಯಿತು.

ರಿವಾಲ್ವರ್ ಇರುವವರು ಇನ್ನೊಂದು ನೆನಪಿಡಿ. ನನ್ನದು ಕಾನ್ಪುರದಲ್ಲಿ ಮಾಡಿದ .32 ಅಳತೆಯ, ಆರು ತೋಟಾದ್ದು. ಈಡು ಹೊಡೆದಾಗ ತೋಟಾ ತುಂಬುವ ಉರುಳೆಗೂ ನಳಿಗೆಗೂ ನಡುವಿನ ಸಂದಿಯಿಂದ ಪಕ್ಕಕ್ಕೆ ಬೆಂಕಿ ಮತ್ತು ಬಿಸಿ ಗಾಳಿ ಹಾರುತ್ತದೆ. ಎಡಗೈ ಬೆರಳಾಗಲಿ ಬ್ಯಾಟರಿಯ ದಾರವಾಗಲಿ ಆ ಸಂದಿ ಹತ್ತಿರ ಬರಲೇಬಾರದು. ಪಿಸ್ತೂಲಿಗೆ ಈ ಉರುಳೆ ಇಲ್ಲ, ಹಾಗಾಗಿ ಪಿಸ್ತೂಲ್ ಹಿಡಿದವರು ತೋರಿಸಿಕೊಟ್ಟ ಹಿಡಿತವನ್ನು ಹಾಗೇ ನಕಲು ಮಾಡಿದರೆ ಇಲ್ಲಿ ಕೈ ಸುಡುತ್ತದೆ.

ನನಗೆ ಒಗ್ಗಿದ್ದು ಬ್ಯಾಟರಿಯನ್ನು ದವಡೆ ಪಕ್ಕ, ಕುತ್ತಿಗೆಗೆ ತಾಗಿಸಿ ಹಿಡಿಯುವುದು. ತಲೆ ತಿರುಗಿದ ಕಡೆ ಬೆಳಕು, ಗುರಿ ನೋಡುವ ಕಚ್ಚಿಗೂ ಬೆಳಕು ಬೀಳುತ್ತದೆ. ಬೆಳಕು ತಲೆ ಹತ್ತಿರ ಇರುವುದು ಇದರ ಕೆಟ್ಟ ಗುಣ, ಹಾಗಾಗಿ ಹುಡುಕುವಾಗ ಕೈ ದೂರ ಚಾಚುತ್ತೇನೆ, ಅನಿವಾರ್ಯ ಅನ್ನಿಸಿದಾಗ ಮಾತ್ರ ದವಡೆಗೆ.

ಎಲ್ಲಕ್ಕಿಂತ ಹೆದರಿಸಿದ್ದು ಬೇರೆ. ಒಂದು ಕೈ ಬಿಗಿಯಾದರೆ ಇನ್ನೊಂದೂ ಬಿಗಿಯಾಗುತ್ತದೆ ಅಂತ ಓದಿದ್ದೆ, ನಂಬಿರಲಿಲ್ಲ. ಒಂದು ದಿನ ಮರದ ತುಂಡು ಹಿಡಿದು ನಿಂತು, "ನನ್ನ ಬಲಗೈ ತೋರುಬೆರಳನ್ನೇ ನೋಡ್ತಾ ಇರು" ಅಂತ ಹೆಂಡತಿಗೆ ಹೇಳಿ ಎಡಗೈಯಲ್ಲಿ ಬ್ಯಾಟರಿ ಗುಂಡಿ ಒತ್ತುತ್ತಾ ಹೋದೆ. ಹತ್ತು ಸಲದಲ್ಲಿ ಮೂರು ಸಲ ಬೆರಳು ಒಳಗೆ ಮಡಚಿತು. ನನಗೆ ಒಂದು ಸಲವೂ ಗೊತ್ತಾಗಲಿಲ್ಲ, ನೋಡಿದ್ದು ಅವಳು. ಅವತ್ತಿನಿಂದ ಆ ಬೆರಳು ಟ್ರಿಗರ್‌ನಿಂದ ದೂರ, ಮೇಲೆ ಚೌಕಟ್ಟಿನ ಕಬ್ಬಿಣಕ್ಕೆ ಒತ್ತಿಕೊಂಡೇ ಇರುತ್ತದೆ. ಹ್ಯಾಮರ್, ಅಂದರೆ ತೋಟಾ ಸಿಡಿಸಲು ಬಡಿಯುವ ಹಿಂಬದಿಯ ಕೊಕ್ಕೆ, ಹಿಂದಕ್ಕೆ ಎಳೆದು ಇಟ್ಟುಕೊಳ್ಳುವುದನ್ನಂತೂ ಪೂರ್ತಿ ಬಿಟ್ಟೆ. ಹಾಗೆ ಎಳೆದಿಟ್ಟರೆ ಟ್ರಿಗರ್ ತೀರಾ ಹಗುರ.

ಬಾಗಿಲಿನದ್ದು ಇನ್ನೊಂದು ಕಥೆ. ನಮ್ಮದು ಹಳೇ ಮನೆ, ಅಗಳಿ ತೆಗೆಯಲು ಒಂದು ಕೈ ಬೇಕು. ಬ್ಯಾಟರಿಗೆ ಒಂದು, ರಿವಾಲ್ವರ್‌ಗೆ ಒಂದು, ಅಗಳಿಗೆ ಎಲ್ಲಿಂದ ತರುವುದು? ಬ್ಯಾಟರಿಯನ್ನು ಕಂಕುಳಲ್ಲಿ ಸಿಕ್ಕಿಸಿ ನೋಡಿದೆ, ಜಾರಿತು. ಕೊನೆಗೆ ರಿವಾಲ್ವರ್ ಚೀಲದಲ್ಲೇ ಇರಲಿ, ಬಾಗಿಲು ತೆಗೆಯುವಾಗ ಬ್ಯಾಟರಿ ಮಾತ್ರ ಕೈಯಲ್ಲಿ ಅಂತ ತೀರ್ಮಾನಿಸಿದೆ. ಈಗ ಹೆಚ್ಚಿನ ಸಲ ಬಾಗಿಲೇ ತೆಗೆಯುವುದಿಲ್ಲ. ಕಿಟಕಿಯಿಂದ ಬೆಳಕು ಬಿಟ್ಟು ಕೂಗುತ್ತೇನೆ, 112ಕ್ಕೆ ಫೋನ್ ಮಾಡುತ್ತೇನೆ. ಅಡಿಕೆ ಕದ್ದು ಓಡುವವನ ಬೆನ್ನಿಗೆ ಈಡು ಹೊಡೆಯಲು ಯಾವ ಕಾನೂನೂ ಬಿಡುವುದಿಲ್ಲ. ಬಿಟ್ಟರೂ ನಾನು ಹೊಡೆಯುವವನಲ್ಲ, ಒಂದು ಮೂಟೆ ಅಡಿಕೆಗೆ ಒಂದು ಜೀವ ಅಂದರೆ ಯಾವ ಲೆಕ್ಕ? ಅಂಗಳ ದಾಟಿ ಬೆಟ್ಟದ ಕಡೆಗಂತೂ ರಾತ್ರಿ ಇವೆರಡನ್ನೂ ಹಿಡಿದು ಹೋಗಲೇಬೇಡಿ. ನಮ್ಮ ಜಿಲ್ಲೆಯಲ್ಲಿ ಬೆಟ್ಟ ಮುಗಿದಲ್ಲಿ ಕಾಡು ಶುರು, ಬೇಟೆಗೆ ಬಂದವನು ಅಂತಲೇ ಅರಣ್ಯದವರು ತಿಳಿಯುತ್ತಾರೆ.

ಈಗಲೂ ವಾರಕ್ಕೊಂದು ರಾತ್ರಿ ಅಭ್ಯಾಸ ಮಾಡುತ್ತೇನೆ. ತೋಟಾ ಎಲ್ಲ ತೆಗೆದು ಬೇರೆ ಕೋಣೆಯಲ್ಲಿಟ್ಟು, ಉರುಳೆಯ ಆರೂ ತೂತು ಖಾಲಿ ಅಂತ ಕಣ್ಣಲ್ಲಿ ನೋಡಿ, ಬೆರಳು ಹಾಕಿ ಮುಟ್ಟಿ, ಆಮೇಲೆ ದೀಪ ಆರಿಸುತ್ತೇನೆ. ಪಕ್ಕದ ಮನೆ ಹುಡುಗನಿಗೆ ಈಗ ಮದುವೆಯಾಗಿದೆ. ಕಾಲವಲ್ಲದ ಕಾಲದ ಮಳೆಗೆ ಈಗಲೂ ಮೊದಲು ಎದ್ದು ಬರುವವನು ಅವನೇ. ದಣಪೆ, ಅಂದರೆ ಬೇಲಿಯ ಗೇಟಿನ ಹತ್ತಿರ ನಿಂತು ಒಂದು ಕೂಗು ಹಾಕುತ್ತಾನೆ, ನಾನು ಕಿಟಕಿಯಿಂದ ಓ ಅಂದ ಮೇಲೆಯೇ ಅಂಗಳಕ್ಕೆ ಕಾಲಿಡುತ್ತಾನೆ.