ಮೇಷ್ಟ್ರದೋ ವಕೀಲರದೋ: ಹರಟೆ ಎಣಿಸಿದ ನನ್ನ ಅನುಭವ

ನಾನು ರೈಟರ್. ಬರೆಯುವ ರೈಟರ್ ಅಲ್ಲ, ತೋಟದ ರೈಟರ್. ಕೊಡಗಿನ ಸಿದ್ದಾಪುರದ ಕಡೆ ಒಂದೇ ಕಾಫಿ ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷ ಚೆಕ್‌ರೋಲ್ ಬರೆದವನು. ಯಾರಿಗೆ ಪೂರ್ತಿ ದಿನ, ಯಾರಿಗೆ ಅರ್ಧ, ಯಾರು ಎಷ್ಟು ಕಿಲೋ ಹಣ್ಣು ಕೊಯ್ದರು ಅಂತ ಎಣಿಸಿ ಎಣಿಸಿ ಅದೇ ಚಟವಾಯಿತು. ನಿವೃತ್ತನಾದ ಮೇಲೆ ಎಣಿಸಲು ಆಳುಗಳಿರಲಿಲ್ಲ, ಪದ ಎಣಿಸಲು ಕೂತೆ.

ನಮ್ಮ ಶನಿವಾರದ ಓದುಕೂಟದಲ್ಲಿ ಹತ್ತು ವರ್ಷದಿಂದ ಒಂದು ಜಗಳ ಇತ್ತು. 1970ರ ದಶಕದಲ್ಲಿ ಇಲ್ಲಿನ ವಾರಪತ್ರಿಕೆಯೊಂದರಲ್ಲಿ ಹೆಸರಿಲ್ಲದೆ ಬರುತ್ತಿದ್ದ ಹರಟೆಗಳು ಯಾರವು? ಒಂದು ಪಕ್ಷಕ್ಕೆ ಅವು ಹೈಸ್ಕೂಲಿನ ಕನ್ನಡ ಮೇಷ್ಟ್ರವು, ಇನ್ನೊಂದಕ್ಕೆ ವಿರಾಜಪೇಟೆಯ ವಕೀಲರೊಬ್ಬರವು. ಇಬ್ಬರೂ ಈಗ ಇಲ್ಲ. ಮಾತು ಬಿಸಿಯಾದಾಗೆಲ್ಲ ಯಾರಾದರೂ ಶೇಕ್ಸ್‌ಪಿಯರನನ್ನು ಎಳೆದು ತರುವುದು, ಇನ್ನೊಬ್ಬರು ಕವಿರಾಜಮಾರ್ಗವನ್ನು, ಅವೂ ಯಾರು ಬರೆದದ್ದು ಎಂಬ ಜಗಳದವೇ. ನಾನೊಮ್ಮೆ ಬಾಯಿ ತಪ್ಪಿ, ‘ಎಣಿಸಿ ಹೇಳಬಹುದಲ್ಲಾ’ ಅಂದೆ. ‘ಎಣಿಸಿದರೆ ಕಾಫಿ ಬೀಜ ಸಿಗುತ್ತದೆ ರೈಟರೇ, ಕವಿ ಸಿಗುವುದಿಲ್ಲ’ ಎಂದು ನಿವೃತ್ತ ಪ್ರಾಂಶುಪಾಲರು ನಕ್ಕರು. ಆ ನಗು ನನಗೆ ನಲವತ್ತೆರಡು ಸಾವಿರ ರೂಪಾಯಿ ಖರ್ಚು ಮಾಡಿಸಿತು.

ಪದ ಎಣಿಸಿ ಬರೆದವನನ್ನು ಹಿಡಿಯುವ ಈ ವಿಧಾನ ಹೊಸದಲ್ಲ. ಅಮೆರಿಕದ ಸಂವಿಧಾನದ ಪರವಾಗಿ ಗುಪ್ತನಾಮದಲ್ಲಿ ಬಂದ ಫೆಡರಲಿಸ್ಟ್ ಲೇಖನಗಳಲ್ಲಿ ಹ್ಯಾಮಿಲ್ಟನ್ ಬರೆದದ್ದೋ ಮ್ಯಾಡಿಸನ್ ಬರೆದದ್ದೋ ಎಂಬ ಜಗಳದಲ್ಲಿದ್ದ ಹನ್ನೆರಡನ್ನು 1964ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಮೋಸ್ಟೆಲ್ಲರ್ ಮತ್ತು ವಾಲೆಸ್ ಮ್ಯಾಡಿಸನ್‌ಗೆ ಕೊಟ್ಟದ್ದು ದೊಡ್ಡ ದೊಡ್ಡ ಪದ ನೋಡಿ ಅಲ್ಲ. ‘ಅಪಾನ್’ ಎಂಬ ಸಣ್ಣ ಪದ ಹ್ಯಾಮಿಲ್ಟನ್‌ನಲ್ಲಿ ಸಾವಿರ ಪದಕ್ಕೆ ಮೂರರ ಹತ್ತಿರ, ಮ್ಯಾಡಿಸನ್‌ನಲ್ಲಿ ಹುಡುಕಿದರೂ ಅಪರೂಪ. ನಾನೂ ಹಾಗೇ ಕನ್ನಡದ ಸಣ್ಣ ಪದಗಳ ಪಟ್ಟಿ ಮಾಡಿದೆ: ಮತ್ತು, ಆದರೆ, ಕೂಡ, ಸಹ, ಎಂದು, ಅಂತ. ಮೂರು ತಿಂಗಳು ಎಣಿಸಿದೆ. ಏನೂ ಹೊರಡಲಿಲ್ಲ.

ಯಾಕೆ ಅಂತ ಹೊಳೆದದ್ದು ಒಂದು ರಾತ್ರಿ, ಕರೆಂಟ್ ಹೋಗಿ ಮೇಣದಬತ್ತಿ ಹಚ್ಚಿಕೊಂಡು ಮೇಷ್ಟ್ರ ಸಾಲುಗಳನ್ನು ಗಟ್ಟಿಯಾಗಿ ಓದುವಾಗ. ಇಂಗ್ಲಿಷಿನ ಸಣ್ಣ ಪದ ಬೇರೆಯಾಗಿ ನಿಲ್ಲುತ್ತದೆ. ನಮ್ಮದು ಬಾಲದಲ್ಲಿ ಅಂಟಿಕೊಳ್ಳುತ್ತದೆ. ‘ಅವನೂ ಬಂದನಂತೆ’ ಎಂಬಲ್ಲಿ ‘ಊ’ ಒಂದು, ‘ಅಂತೆ’ ಒಂದು. ಎರಡನ್ನೂ ಕಂಪ್ಯೂಟರ್ ನೋಡುವುದೇ ಇಲ್ಲ, ಅದಕ್ಕೆ ಕಾಣುವುದು ಎರಡು ಪದ ಮಾತ್ರ. ಅಲ್ಲಿಂದ ಪದ ಬಿಟ್ಟೆ, ಬಾಲ ಹಿಡಿದೆ. ಊ, ಏ, ಓ, ಅಂತೂ, ಅಂತೆ, ಆದರೂ, ಅಲ್ಲವೇ, ಬಿಟ್ಟ, ಹಾಕಿದ. ಇಂಥ ಅರವತ್ತು ಚಿಲ್ಲರೆ ಇವೆ. ಉಳಿದ ಪಟ್ಟಿ ನನ್ನ ಹತ್ತಿರವೇ ಇರಲಿ, ಮೂರು ವರ್ಷ ಕಣ್ಣು ಕೆಡಿಸಿಕೊಂಡು ಮಾಡಿದ್ದು.

ಈಗ ದುಡ್ಡಿನ ವಿಷಯ. ಹಳೆ ಪತ್ರಿಕೆಯ ಫೋಟೊ ತೆಗೆದು, ಚಿತ್ರದಿಂದ ಅಕ್ಷರ ಓದುವ ಓಸಿಆರ್‌ಗೆ ಕೊಟ್ಟರೆ ಒತ್ತಕ್ಷರ ಎಲ್ಲ ಚಿತ್ರಾನ್ನ. ಮಡಿಕೇರಿಯ ಡಿಟಿಪಿ ಅಂಗಡಿಯೊಂದಕ್ಕೆ ಪುಟಕ್ಕೆ ಇಪ್ಪತ್ತೈದು ರೂಪಾಯಿಯಂತೆ ಕೊಟ್ಟೆ. ಸುಮಾರು ಹನ್ನೊಂದು ಸಾವಿರ ಆಯಿತು. ಬಂದದ್ದು ‘ನುಡಿ’ ತಂತ್ರಾಂಶದ ಹಳೇ ಅಕ್ಷರದಲ್ಲಿ. ಎಲ್ಲ ಕಂಪ್ಯೂಟರಿಗೂ ತಿಳಿಯುವ ಯುನಿಕೋಡಿಗೆ ತಿರುಗಿಸುವಾಗ ‘ಓ’ ದೀರ್ಘ ಕೆಲವು ಕಡೆ ಒಂದೇ ಚಿಹ್ನೆ, ಕೆಲವು ಕಡೆ ಒಡೆದ ಚೂರು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಎಣಿಸುವ ಮೊದಲು ಇದನ್ನು ಸರಿಮಾಡದವರ ಯಾವ ಅಂಕಿಯನ್ನೂ ನಾನು ನಂಬುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಟೈಪ್ ಮಾಡಿದ ಹುಡುಗಿ ಪಾಪ ಒಳ್ಳೆಯ ಮನಸ್ಸಿನಿಂದ ‘ತಪ್ಪು’ಗಳನ್ನೆಲ್ಲ ತಿದ್ದಿಬಿಟ್ಟಿದ್ದಳು! ಅಷ್ಟೂ ವ್ಯರ್ಥ. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್‌ಗೆ ಹದಿನೆಂಟು ಸಾವಿರ ಕೊಟ್ಟು ನಾನೇ ಎರಡು ಬೆರಳಲ್ಲಿ ಕುಟ್ಟಿದೆ. ಉಳಿದದ್ದು ಬಸ್ಸು, ಜೆರಾಕ್ಸು. ‘ಅರವತ್ತು ಕಿಲೋ ಕರಿಮೆಣಸಿನ ದುಡ್ಡು, ಸತ್ತವರ ಜಗಳಕ್ಕೆ’ ಎಂದು ಮನೆಯವಳು ಈಗಲೂ ಅನ್ನುತ್ತಾಳೆ.

ದೊಡ್ಡ ಅವಮಾನ ಆಮೇಲೆ ಆದದ್ದು. ಮೊದಲ ಫಲಿತಾಂಶದಲ್ಲಿ ನಲವತ್ತಾರು ಹರಟೆಗಳು ಚೆಂದಕ್ಕೆ ಎರಡು ಗುಂಪಾಗಿ ಬಿದ್ದವು. ಮೊದಲ ಇಪ್ಪತ್ತು ಒಂದು ಕಡೆ, ಉಳಿದವು ಇನ್ನೊಂದು ಕಡೆ. ನಾನು ಎದ್ದು ನಿಂತು, ‘ಶುರು ಮಾಡಿದ್ದು ಮೇಷ್ಟ್ರು, ಮುಂದುವರಿಸಿದ್ದು ವಕೀಲರು’ ಎಂದು ಘೋಷಿಸಿಬಿಟ್ಟೆ. ಮೂಲೆಯಲ್ಲಿದ್ದ ಹಳೆ ಚಂದಾದಾರರೊಬ್ಬರು ಕನ್ನಡಕ ಒರೆಸಿಕೊಳ್ಳುತ್ತಾ ಹೇಳಿದರು: ‘ಇಪ್ಪತ್ತರ ನಂತರ ಪತ್ರಿಕೆಯ ಪ್ರೆಸ್ ಬದಲಾಯಿತು ಮಾರಾಯ್ರೆ.’ ಹೋಗಿ ನೋಡಿದರೆ ನಿಜ. ಮೊದಲಿನ ಪ್ರೆಸ್ಸಿನಲ್ಲಿ ‘ಬಗ್ಯೆ’, ‘ಕೂಡಾ’. ಎರಡನೆಯದರಲ್ಲಿ ‘ಬಗ್ಗೆ’, ‘ಕೂಡ’. ನಾನು ಕಂಡುಹಿಡಿದದ್ದು ಬರೆದವನನ್ನಲ್ಲ, ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದವನನ್ನು. ಎರಡು ತಿಂಗಳು ಕೂಟಕ್ಕೆ ಹೋಗಲಿಲ್ಲ. ಆಮೇಲೆ ಓದಿ ತಿಳಿಯಿತು, 1623ರ ಶೇಕ್ಸ್‌ಪಿಯರ್ ಫೋಲಿಯೊದಲ್ಲಿ, ಅಂದರೆ ಅವನ ನಾಟಕಗಳ ದೊಡ್ಡ ಸಂಪುಟದಲ್ಲಿ, ಯಾವ ಪುಟ ಯಾವ ಮೊಳೆಗಾರನದು ಎಂದು ವಿದ್ವಾಂಸರು ಬೇಕೆಂದೇ ಹುಡುಕಿದ್ದು ಇದೇ ದಾರಿಯಲ್ಲಿ, ಕಾಗುಣಿತದ ಚಾಳಿ ನೋಡಿಕೊಂಡು. ಸ್ವಲ್ಪ ಸಮಾಧಾನವಾಯಿತು. ಕಾಗುಣಿತ ಹಿಡಿದು ಲೆಕ್ಕ ಹಾಕುವುದು ಅಂದೇ ಬಿಟ್ಟೆ.

ಇನ್ನೊಂದು ಪೆಟ್ಟು ಬಿದ್ದದ್ದು ಹೋಲಿಸಲು ಬೇಕಾದ ಮಾದರಿ ಬರಹದಲ್ಲಿ. ವಕೀಲರ ಬರಹ ಅಂತ ಸಿಕ್ಕಿದ್ದು ಕೋರ್ಟಿನ ಅರ್ಜಿಗಳು. ಅದರ ತುಂಬ ‘ಎಂಬುದಾಗಿ’, ‘ಸದರಿ’. ಹರಟೆಗೆ ಅದನ್ನು ಹೋಲಿಸುವುದು ಅಂದರೆ ತಿರುಳು ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯನ್ನು ಹಣ್ಣಿನ ಸಮೇತ ಒಣಗಿಸಿದ ಚೆರಿಯ ಜೊತೆ ತೂಗಿ, ಬೀಜ ಎಷ್ಟು ಹೊರಡುತ್ತದೆ ಎಂಬ ಔಟ್‌ಟರ್ನ್ ಹೇಳಿದ ಹಾಗೆ. ಕೊನೆಗೆ ಅವರು ತಂಗಿಗೆ ಬರೆದ ಕಾಗದಗಳು ಗೋಣಿಕೊಪ್ಪದಲ್ಲಿ ಸಿಕ್ಕವು, ಒಂಬತ್ತು ಸಾವಿರ ಪದದಷ್ಟು. ಮೇಷ್ಟ್ರದು ಶಾಲೆಯ ವಾರ್ಷಿಕ ಸಂಚಿಕೆಯ ಲೇಖನ, ದಿನಚರಿ ಸೇರಿ ಹದಿನಾಲ್ಕು ಸಾವಿರ ಇರಬಹುದು. ಜಗಳದ ಬರಹ ಮುಟ್ಟುವ ಮೊದಲು ಗೊತ್ತಿದ್ದವರ ಮೇಲೆ ಪರೀಕ್ಷೆ ಮಾಡಬೇಕು ಅಂತ ನಾನೇ ಪ್ರಾಂಶುಪಾಲರಿಗೆ ಸವಾಲು ಹಾಕಿದೆ. ನಾಲ್ಕು ಜನರ ಬರಹ, ಹೆಸರು ಕತ್ತರಿಸಿದ ಹನ್ನೆರಡು ಕಟ್ಟು. ಹನ್ನೊಂದು ಸರಿ ಹೇಳಿದೆ. ತಪ್ಪಿದ್ದು ಒಂದು, ಅದು ಎಂಟುನೂರೇ ಪದದ್ದು. ಅವರು ಆ ದಿನ ನಗಲಿಲ್ಲ, ಕಾಫಿ ತರಿಸಿದರು.

ನಡುವೆ ದಾರಿ ತಪ್ಪಿದ್ದೂ ಉಂಟು. ನಾನೇ 1985ರ ಸುಮಾರಿಗೆ ಬರೆದ ಕಾಗದಗಳನ್ನೂ ಈಚಿನವನ್ನೂ ಒಟ್ಟಿಗೆ ಹಾಕಿದೆ. ಇಬ್ಬರು ಬೇರೆ ಬೇರೆ ಜನ ಅಂತ ಬಂತು! ಮನೆಯವಳಿಗೆ ಆಶ್ಚರ್ಯವೇ ಆಗಲಿಲ್ಲ. ಪಟ್ಟೋಲೆ ಪಳಮೆಯ ಕೊಡವ ಜನಪದ ಹಾಡುಗಳ ಮೇಲೂ ಕೈ ಹಾಕಿದೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಅಚ್ಚು ಹಾಕಿಸಿದ ಸಂಗ್ರಹ. ದುಡಿ ಬಡಿದು ಹಾಡುವ ಸಾಲುಗಳು ‘ಬಾಳೊ ಬಾಳೊ’ ಎಂದು ಶುರುವಾಗಿ ಅದೇ ಅಚ್ಚಿನ ಮಾತುಗಳಲ್ಲಿ ಸಾಗುತ್ತವೆ, ಎಲ್ಲವೂ ಒಬ್ಬನೇ ಬರೆದದ್ದು ಅಂತ ನನ್ನ ಲೆಕ್ಕ ಹೇಳಿತು. ಬಾಯಿಂದ ಬಾಯಿಗೆ ಬಂದದ್ದಕ್ಕೆ ಈ ತಕ್ಕಡಿ ಅಲ್ಲ.

ಮುದ್ದಣನನ್ನೂ ಬಿಡಲಿಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪ, 1870ರಲ್ಲಿ ಹುಟ್ಟಿ 1901ಕ್ಕೇ ಹೋದವರು, ಡ್ರಿಲ್ ಮೇಷ್ಟ್ರು. ತಾವೇ ಬರೆದದ್ದನ್ನು ಯಾರೋ ಹಳೆ ಕವಿಯದೆಂದು ಮೈಸೂರಿಗೆ ಕಳಿಸಿ ಅಚ್ಚು ಮಾಡಿಸಿದರು. ಆ ವೇಷ ನನ್ನ ಬಾಲಗಳಿಗೆ ಸಿಕ್ಕೀತೇ ಎಂಬ ಆಸೆ. ಹೋಲಿಸಲು ಹಳೆಯ ಗದ್ಯ ಬೇಕಲ್ಲ ಎಂದು ವಡ್ಡಾರಾಧನೆ ತೆಗೆದರೆ, ಅದರ ಕರ್ತೃವೇ ಶಿವಕೋಟ್ಯಾಚಾರ್ಯನೋ ಭ್ರಾಜಿಷ್ಣುವೋ ಎಂಬ ಜಗಳದಲ್ಲಿ ಸಿಕ್ಕಿಬಿದ್ದಿದೆ. ತೂಕದ ಕಲ್ಲಿನ ಮೇಲೇ ಅನುಮಾನ. ನಲವತ್ತು ಪುಟ ಕುಟ್ಟಿ ಬಿಟ್ಟೆ.

ಈಗ ಫೋನ್ ಮಾಡಿದವರೆಲ್ಲ ಕವಿರಾಜಮಾರ್ಗ ಶ್ರೀವಿಜಯನದೋ ನೃಪತುಂಗನದೋ ತೀರ್ಮಾನ ಮಾಡಿಕೊಡಿ ಅನ್ನುತ್ತಾರೆ. ಆಗುವುದಿಲ್ಲ. ಶ್ರೀವಿಜಯನದೇ ಎಂದು ಎಲ್ಲರೂ ಒಪ್ಪುವ ಬೇರೆ ಕೃತಿ ಉಳಿದಿಲ್ಲ. ನೃಪತುಂಗನ ಹೆಸರಿನ ಪ್ರಶ್ನೋತ್ತರ ರತ್ನಮಾಲಿಕೆ ಇರುವುದು ಸಂಸ್ಕೃತದಲ್ಲಿ, ಅದನ್ನೂ ಬೇರೆಯವರದೆಂದು ಹೇಳುವವರಿದ್ದಾರೆ. ಎದುರಿನ ತಟ್ಟೆಯಲ್ಲಿ ಇಡಲು ಏನಿದೆ? ‘ನೃಪತುಂಗದೇವಾನುಮತ’ ಎಂಬ ಮಾತಿನ ಅರ್ಥ ಹಿಡಿದು ವಾದಿಸುವವರು ವಾದಿಸಲಿ, ಅದು ಎಣಿಕೆಯ ಕೆಲಸವಲ್ಲ. ಶೇಕ್ಸ್‌ಪಿಯರನ ಬದಲು ಆಕ್ಸ್‌ಫರ್ಡಿನ ಅರ್ಲ್ ಬರೆದ ಎನ್ನುವವರಿಗೆ ಎಣಿಕೆಯೇ ಬೇಡ. ಆ ಅರ್ಲ್ ಸತ್ತದ್ದು 1604ರಲ್ಲಿ, ದಿ ಟೆಂಪೆಸ್ಟ್ ಬಂದದ್ದು ಅದಕ್ಕೂ ಆರೇಳು ವರ್ಷ ಆಮೇಲೆ.

ನಮ್ಮ ಹರಟೆಗೆ ಬರುತ್ತೇನೆ. ಒಂದೊಂದು ಆರುನೂರು ಪದ, ಬಿಡಿಯಾಗಿ ಎಣಿಸಿದರೆ ನಿಲ್ಲುವುದಿಲ್ಲ. ಐದೈದು ಸೇರಿಸಿ, ಒಂದೊಂದೇ ಸರಿಸುತ್ತಾ ಹೋದೆ. ಮೂರು ಸಾವಿರ ಪದ ಆದ ಮೇಲೆ ಗೆರೆ ಸ್ಥಿರವಾಯಿತು. ಉದ್ದಕ್ಕೂ ಮೇಷ್ಟ್ರು, ಮೇಷ್ಟ್ರು, ಮೇಷ್ಟ್ರು. ಒಂದು ವರ್ಷದ ಜೂನ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಮಾತ್ರ ಧಡಕ್ಕನೆ ವಕೀಲರ ಕಡೆಗೆ ವಾಲಿತು, ಆಮೇಲೆ ಮತ್ತೆ ಮೇಷ್ಟ್ರು. ಲೆಕ್ಕ ಹಾಕಿದರೆ ಏಳು ವಾರ. ಇಬ್ಬರಲ್ಲಿ ಒಬ್ಬರು ಎಂದು ಹತ್ತು ವರ್ಷ ಕಿತ್ತಾಡಿದ ನಮಗೆ ಯಾರಿಗೂ ಇಬ್ಬರೂ ಇರಬಹುದೆಂದು ಹೊಳೆದಿರಲಿಲ್ಲ. ಶೇಕ್ಸ್‌ಪಿಯರನ ಎಂಟನೇ ಹೆನ್ರಿ ನಾಟಕದಲ್ಲಿ ಇನ್ನೊಬ್ಬ ನಾಟಕಕಾರ ಫ್ಲೆಚರನ ಕೈಯೂ ಇದೆ ಎಂದು ಸ್ಪೆಡಿಂಗ್ ಎಂಬ ವಿದ್ವಾಂಸ 1850ರಲ್ಲೇ ಬರೆದಿದ್ದ, ಅದನ್ನು ಓದಿಯೂ ನನ್ನ ಬುದ್ಧಿ ಆ ಕಡೆ ಹೋಗಿರಲಿಲ್ಲ.

ಈ ಸಲ ಘೋಷಣೆ ಮಾಡಲಿಲ್ಲ, ಹಿಂದಿನದು ನೆನಪಿತ್ತು. ಮೇಷ್ಟ್ರ ದಿನಚರಿ ತೆಗೆದರೆ ಆ ಮಳೆಗಾಲದ ಪುಟಗಳು ಖಾಲಿ. ಮಗನನ್ನು ಕೇಳಿದೆ. ಆ ವರ್ಷ ಎರಡು ತಿಂಗಳು ಅಪ್ಪ ಮೈಸೂರಿನ ಆಸ್ಪತ್ರೆಯಲ್ಲಿದ್ದರು ಅಂದರು. ಗೋಣಿಕೊಪ್ಪಕ್ಕೆ ಮತ್ತೆ ಹೋಗಿ ವಕೀಲರ ಟ್ರಂಕಿನ ತಳ ಸೋಸಿದೆ. ಗೆದ್ದಲು ತಿಂದ ಫೈಲಿನಲ್ಲಿ ಮನಿಯಾರ್ಡರಿನ ಕೂಪನ್‌ಗಳು, ಒಂದೊಂದು ಹತ್ತು ರೂಪಾಯಿಯದು, ‘ಹರಟೆ ಬಾಬ್ತು’ ಎಂದು ಬರೆದದ್ದು. ಎಷ್ಟಿದ್ದವು ಗೊತ್ತೇ? ಆರು. ಏಳನೆಯದನ್ನು ಗೆದ್ದಲು ತಿಂದಿರಬೇಕು ಅಂತ ನಾನು, ಏಳನೆಯದು ಇರಲೇ ಇಲ್ಲ ಅಂತ ಪ್ರಾಂಶುಪಾಲರು. ಆದರೂ ಕೂಟದಲ್ಲಿ ಆ ಕೂಪನ್‌ಗಳು ಕೈಯಿಂದ ಕೈಗೆ ಹೋಗುವಾಗ ಯಾರೂ ಕಾಫಿ ಬೀಜದ ಮಾತು ಎತ್ತಲಿಲ್ಲ.

ಮೇಷ್ಟ್ರ ಮಗನಿಗೆ ಮಾತ್ರ ಬೇಜಾರಾಯಿತು. ನಲವತ್ತಾರರಲ್ಲಿ ಮೂವತ್ತೇಳು ನಿಮ್ಮ ಅಪ್ಪನವೇ ಅಲ್ಲವೇ ಅಂದರೂ ಮುಖ ಅರಳಲಿಲ್ಲ, ದಿನಚರಿ ವಾಪಸ್ ಕೇಳಿದರು. ಕೊಟ್ಟೆ. ಫೋಟೊ ಮೊದಲೇ ತೆಗೆದಿದ್ದೆ.

ಗಮನಿಸಿದ್ದರೆ ಲೆಕ್ಕದಲ್ಲಿ ಎರಡು ಬಾಕಿ. ಕೊನೆಯ ಎರಡು ಹರಟೆ ಇಬ್ಬರ ಹತ್ತಿರವೂ ಸುಳಿಯುವುದಿಲ್ಲ. ಸೇರಿಸಿದರೂ ಸಾವಿರದಿನ್ನೂರು ಪದ, ನನ್ನದೇ ನಿಯಮದ ಪ್ರಕಾರ ನಾನು ಬಾಯಿ ಬಿಡಬಾರದು. ಆದರೆ ಅವುಗಳಲ್ಲಿ ‘ಅಂತೂ’ ಬರುವ ರೀತಿ ನೋಡಿದರೆ ಎರಡನೇ ಪ್ರೆಸ್ಸಿನ ಮೊಳೆ ಜೋಡಿಸುವವನ ಮೇಲೆ ನನಗೆ ಅನುಮಾನ. ವಾರಗಟ್ಟಲೆ ಮೇಷ್ಟ್ರ ಗದ್ಯವನ್ನೇ ಬೆರಳಿನಿಂದ ಜೋಡಿಸಿದವನಿಗೆ ಒಂದು ವಾರ ಹಸ್ತಪ್ರತಿ ಬಾರದಿದ್ದರೆ ಸುಮ್ಮನೆ ಕೂತಾನೆಯೇ? ಅವನ ಮಗಳು ಸುಂಟಿಕೊಪ್ಪದಲ್ಲಿದ್ದಾರೆ. ಹುತ್ತರಿ ಹಬ್ಬ ಕಳೆದ ಮೇಲೆ ಹೋಗಿ, ಅಪ್ಪ ಬರೆದ ಹಳೆ ಕಾಗದ ಏನಾದರೂ ಉಳಿದಿದೆಯಾ ಅಂತ ಕೇಳಬೇಕು. ಮನೆಯವಳಿಗೆ ಇನ್ನೂ ಹೇಳಿಲ್ಲ.