ಕೇಬಲ್ ಕಟ್ ಆದಾಗ ಗಿರಾಕಿಗೆ ಏನು ಹೇಳಬೇಕು: ನನ್ನ ಅನುಭವ

ಬನಶಂಕರಿ 3ನೇ ಹಂತ, ಕತ್ರಿಗುಪ್ಪೆ ಸುತ್ತಮುತ್ತ ನಮ್ಮ ಬ್ರಾಡ್‌ಬ್ಯಾಂಡ್ ಇದೆ. ಹೆಚ್ಚುಕಮ್ಮಿ ಸಾವಿರದ ಇನ್ನೂರು ಮನೆ. ಬೆಂಗಳೂರಲ್ಲಿ ಲೈನ್ ಎಳೆದವರಿಗೆ ಜೆಸಿಬಿ ಕಥೆ ಹೇಳಬೇಕಾಗಿಲ್ಲ. ಅದು ನೆಲ ಅಗೆದರೆ 24 ಕೋರ್, ಅಂದರೆ 24 ಎಳೆಯ ಫೈಬರ್ ಕೇಬಲ್, ಒಂದೇ ಏಟಿಗೆ ಹೋಗುತ್ತದೆ, ಮನೆಮನೆಯ ಓಎನ್‌ಯು (ಫೈಬರ್ ಬಂದು ಸೇರುವ ಡಬ್ಬಿ) ಮೇಲೆ ಕೆಂಪು ದೀಪ, ಆಮೇಲೆ ಫೋನೋ ಫೋನು.

ಎಲ್ಲರ ಹಾಗೆ ನಮ್ಮ ಉತ್ತರವೂ ಒಂದೇ ಇತ್ತು: "ಇನ್ನರ್ಧ ಗಂಟೆ ಸರ್." ಕಟ್ ಎಷ್ಟು ದೂರದಲ್ಲಿದೆ ಅಂತ ತೋರಿಸುವ ಓಟಿಡಿಆರ್ ಯಂತ್ರ ಗಾಡಿಯಿಂದ ಇಳಿದಿರುವುದೇ ಇಲ್ಲ, ಅರ್ಧ ಗಂಟೆ ಅಂದಾಗಿರುತ್ತದೆ!

ಈಗ ಯಾವಾಗ ಸರಿಹೋಗುತ್ತದೆ ಅಂತ ಹೇಳುವುದೇ ಇಲ್ಲ. ಮುಂದಿನ ಸುದ್ದಿ ಎಷ್ಟು ಗಂಟೆಗೆ ಅಂತ ಮಾತ್ರ ಹೇಳುತ್ತೇವೆ. "ಕಟ್ ಹುಡುಕುತ್ತಿದ್ದೇವೆ. 11.15ಕ್ಕೆ ತಿಳಿಸುತ್ತೇವೆ." 11.15ಕ್ಕೆ ಏನೂ ಸಿಗದಿದ್ದರೂ ಮೆಸೇಜ್ ಹೋಗಲೇಬೇಕು. ಪಾರ್ಟ್ನರ್ ನಕ್ಕುಬಿಟ್ಟ. "ಸುಮ್ನೆ ಇರೋರನ್ನ ಎಬ್ಬಿಸಿ ಬೈಸ್ಕೊಳ್ತೀಯಾ?" ಪಕ್ಕದ ಏರಿಯಾ ಆಪರೇಟರ್‌ಗಳದೂ ಅದೇ ಮಾತು.

ದುಡ್ಡು ಹೋಗಿದ್ದು ಎಸ್‌ಎಂಎಸ್‌ನಲ್ಲಿ. ಡಿಎಲ್‌ಟಿಯಲ್ಲಿ (ವ್ಯಾಪಾರದ ಎಸ್‌ಎಂಎಸ್ ನೋಂದಾಯಿಸುವ ವ್ಯವಸ್ಥೆ) ಮೆಸೇಜಿನ ಟೆಂಪ್ಲೇಟ್ ಮೊದಲೇ ಪಾಸ್ ಆಗಿರಬೇಕು, ಕಟ್ ಆದ ಹೊತ್ತಲ್ಲಿ ಹೊಸದಾಗಿ ಬರೆದು ಕಳಿಸುವ ಹಾಗಿಲ್ಲ. ನಮ್ಮ ಮೊದಲ ಟೆಂಪ್ಲೇಟ್‌ಗಳು ಮೂರು ಸಲ ವಾಪಸ್ ಬಂದವೇನೋ. ಇನ್ನು ಕನ್ನಡದಲ್ಲಿ ಕಳಿಸಿದರೆ ಒಂದು ಎಸ್‌ಎಂಎಸ್‌ಗೆ 70 ಅಕ್ಷರ ಅಷ್ಟೇ, ಇಂಗ್ಲಿಷ್‌ಗೆ 160. ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. 'ರಸ್ತೆ' ಅಂತ ಬರೆದರೆ 5 ಎಣಿಸುತ್ತಾರೆ. ನಮ್ಮ ಸೌಜನ್ಯದ ಉದ್ದ ಮೆಸೇಜ್ ಒಂದೊಂದು ಮೂರಾಗಿ ಬಿಲ್ ಆಯಿತು. "ಮಾನ್ಯ ಗ್ರಾಹಕರೇ" ಕಿತ್ತುಹಾಕಿದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ವಾಟ್ಸಾಪ್ ಬ್ರಾಡ್‌ಕಾಸ್ಟ್ ಅರ್ಧಕ್ಕರ್ಧ ತಲುಪಲಿಲ್ಲ. ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುವುದು ಅಲ್ವಾ. ಗ್ರೂಪ್ ಮಾಡಿದ್ದು ಇನ್ನೂ ಕೆಟ್ಟದ್ದು. ಲೈನ್ ಚೆನ್ನಾಗಿರುವವನೂ ಬಂದು ಕೂಗಾಡುತ್ತಾನೆ. ಒಂದೇ ವಾರಕ್ಕೆ ಮುಚ್ಚಿದೆ.

ಕೈ ಹಿಡಿದಿದ್ದು ಸ್ಪ್ಲಿಟರ್ ಲೆಕ್ಕದ ಪಟ್ಟಿ. ಸ್ಪ್ಲಿಟರ್ ಅಂದರೆ ಒಂದು ಫೈಬರನ್ನು ಹಲವು ಮನೆಗೆ ಹಂಚುವ ಸಾಧನ. ನಮ್ಮ ಕಡೆಯ ಮುಖ್ಯ ಯಂತ್ರ ಓಎಲ್‌ಟಿಯಲ್ಲಿ ಯಾವ ಪಾನ್ ಪೋರ್ಟ್ (ಮನೆಗಳ ಒಂದು ಗುಂಪಿಗೆ ಫೈಬರ್ ಹೊರಡುವ ಕಿಂಡಿ) ಬಿದ್ದಿದೆಯೋ ಆ ಮನೆಗಳಿಗೆ ಮಾತ್ರ ಮೆಸೇಜ್. ಓಎನ್‌ಯು ಆರುವ ಮುನ್ನ ಕಳಿಸುವ ಕೊನೆಯ ಸಂಕೇತ, ಡೈಯಿಂಗ್ ಗ್ಯಾಸ್ಪ್, ಬಂದಿದ್ದರೆ ಅದು ಕರೆಂಟ್ ಹೋದದ್ದು, ಅವರನ್ನು ಬಿಟ್ಟುಬಿಡುತ್ತೇವೆ. ಪಟ್ಟಿ ತೆಗೆಯಲು ನಮಗೆ ಎರಡು ನಿಮಿಷ ಸಾಕು. ಅದನ್ನು ಹೇಗೆ ಕಟ್ಟಿದೆ ಅಂತ ಮಾತ್ರ ಕೇಳಬೇಡಿ, ಅದು ನಮ್ಮ ಅಂಗಡಿ ಗುಟ್ಟು.

ಮೊದಲು ದೊಡ್ಡ ಕಟ್‌ಗೆ ಇನ್ನೂರು, ಮುನ್ನೂರು ಕಾಲ್ ಬರುತ್ತಿತ್ತು. ಈಗ ನಲವತ್ತು ದಾಟಿದರೆ ಜಾಸ್ತಿ. ಫೋನ್ ಎತ್ತಲೆಂದೇ ಇಟ್ಟುಕೊಂಡಿದ್ದ ಹುಡುಗ ಈಗ ಸ್ಪ್ಲೈಸಿಂಗ್ (ತುಂಡಾದ ಫೈಬರ್ ಜೋಡಿಸುವುದು) ಕಲಿತಿದ್ದಾನೆ. ಅರ್ಧ ದಿನಕ್ಕಿಂತ ಹೆಚ್ಚು ಕೈಕೊಟ್ಟರೆ ಕೇಳುವ ಮೊದಲೇ ಒಂದು ದಿನ ವ್ಯಾಲಿಡಿಟಿ ಸೇರಿಸುತ್ತೇನೆ. 499ರ ಪ್ಲಾನ್‌ನಲ್ಲಿ ಅದು ಹದಿನಾರು, ಹದಿನೇಳು ರೂಪಾಯಿ ಮಾತು. ಗಿರಾಕಿ ಬಿಟ್ಟುಹೋದರೆ ಹೊಸ ಮನೆಗೆ ಡ್ರಾಪ್ ಕೇಬಲ್ (ಕೊನೆಗೆ ಮನೆಯೊಳಗೆ ಹೋಗುವ ಕೇಬಲ್), ಓಎನ್‌ಯು, ಕೂಲಿ ಅಂತ ಎರಡು ಸಾವಿರ ಆಗುತ್ತದೆ. ಪಾರ್ಟ್ನರ್ ಈಗ ನಗುವುದಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಕಟ್ ಆದಾಗ ಆಫೀಸ್ ನಂಬರಿಗೆ ರೆಕಾರ್ಡಿಂಗ್ ಹಾಕುವುದು. ಚೆಂದದ ಹೆಣ್ಣು ದನಿಯಲ್ಲಿ ದುಡ್ಡು ಕೊಟ್ಟು ಮಾಡಿಸಿದೆ. ಜಾಹೀರಾತು ಅಂದುಕೊಂಡು ವಯಸ್ಸಾದವರೆಲ್ಲ ಮೊದಲ ಸಾಲಿಗೇ ಇಟ್ಟುಬಿಟ್ಟರು. ಆಮೇಲೆ ನಮ್ಮ ಲೈನ್‌ಮ್ಯಾನ್ ಕೈಲೇ ಗುಂಡಿ ಪಕ್ಕ ನಿಲ್ಲಿಸಿ ಮಾತಾಡಿಸಿದೆ, ಹಿಂದೆ ಆಟೋ ಹಾರ್ನ್ ಸಮೇತ. ಈಗ ಪೂರ್ತಿ ಕೇಳುತ್ತಾರೆ.